ಮೊದಲು ತಾಳ ಹಿಡಿ

ಸೌದಿ ಅರೇಬಿಯಾದ ಗಡಿಯಾರ ನಮ್ಮೂರಿನ ಗಡಿಯಾರಕ್ಕಿಂತ ಎರಡೂವರೆ ತಾಸು ಹಿಂದೆ. ದಮ್ಮಾಮಿನಲ್ಲೋ ಜುಬೈಲ್‌ನಲ್ಲೋ ಬೆಳಗಿನ ಐದೂವರೆಗೆ ಅಲಾರಾಂ ಹೊಡೆದು ಕಣ್ಣು ಬಿಡುವಷ್ಟರಲ್ಲಿ ಊರಿನಲ್ಲಿ ಎಂಟು ಗಂಟೆ. ಅಷ್ಟು ಹೊತ್ತಿಗೆ ಮನೆಯವರು ಎದ್ದು, ಕಾಫಿ ಕುಡಿದು, ಆ ದಿನದ ಚಿಂತೆಯನ್ನೆಲ್ಲ ಫೋನಿಗೆ ತುಂಬಿ ಕಳಿಸಿ ಆಗಿರುತ್ತದೆ. ಅಮ್ಮನ ಬಿ.ಪಿ., ಮಗಳ ಕಾಲೇಜು ಫೀಸು, ಸೊಸೈಟಿ ಸಾಲದ ಕಂತು, ಅರ್ಧಕ್ಕೆ ನಿಂತ ಮನೆಯ ಸ್ಲ್ಯಾಬು. ಇವಕ್ಕೆ ಸೌದಿಯ ಚಿಂತೆಗಳೂ ಬಂದು ಸೇರುತ್ತವೆ: ಇಕಾಮಾ ಎಂಬ ವಾಸದ ಪರವಾನಗಿ ನವೀಕರಣವಾಯಿತೋ ಇಲ್ಲವೋ, ಕಂಪನಿಗೆ ಮುಂದಿನ ಗುತ್ತಿಗೆ ಸಿಗುತ್ತದೋ ಇಲ್ಲವೋ, ಈ ಸಲವಾದರೂ ಹಬ್ಬಕ್ಕೆ ರಜೆ ಕೊಡುತ್ತಾರೋ ಇಲ್ಲವೋ. ಹಲ್ಲುಜ್ಜುವ ಮೊದಲೇ ಮನುಷ್ಯ ದಣಿದಿರುತ್ತಾನೆ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ನಮ್ಮ ಗಾದೆ ಹೇಳುತ್ತದೆ. ಮಾತು ಸರಿಯೇ. ಚಿಂತೆ ಇದ್ದವನು ಏನು ಮಾಡಬೇಕು ಎಂಬ ಪ್ರಶ್ನೆಗೆ ಮಾತ್ರ ಗಾದೆಯಲ್ಲಿ ಉತ್ತರವಿಲ್ಲ. ‘ಚಿಂತೆ ಬಿಡು ಮಾರಾಯ’ ಎನ್ನುವವರು ಊರ ತುಂಬ ಸಿಗುತ್ತಾರೆ. ಹೇಗೆ ಬಿಡುವುದೆಂದು ತೋರಿಸಿಕೊಡುವವರು ಕಡಿಮೆ. ಮಗುವಿನ ಕೈಗೆ ಕತ್ತರಿ ಸಿಕ್ಕರೆ ತಾಯಿ ಅದನ್ನು ಕಿತ್ತುಕೊಳ್ಳಲು ಹೋಗುವುದಿಲ್ಲ. ಕಿತ್ತುಕೊಂಡರೆ ಹಿಡಿತ ಇನ್ನಷ್ಟು ಬಿಗಿಯಾಗುತ್ತದೆಂದು ಅವಳಿಗೆ ಗೊತ್ತು. ಹತ್ತಿರದಲ್ಲಿದ್ದ ಗಿಲಕಿಯನ್ನು ಆಡಿಸುತ್ತಾಳೆ. ಮಗು ಗಿಲಕಿಗೆ ಕೈ ಚಾಚಿದಾಗ ಕತ್ತರಿ ತಾನಾಗಿ ಬಿದ್ದುಹೋಗುತ್ತದೆ. ಮನಸ್ಸಿನ ವಿಷಯದಲ್ಲೂ ಇದಕ್ಕಿಂತ ದೊಡ್ಡ ಉಪಾಯವನ್ನು ಯಾರೂ ಕಂಡುಹಿಡಿದಂತಿಲ್ಲ.

ಸೌದಿ ಅರೇಬಿಯಾ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಮರಳುಗಾಡು, ಎಣ್ಣೆಬಾವಿ, ಮಕ್ಕಾ, ಮದೀನಾ. ಸಂಗೀತ ನೆನಪಿಗೆ ಬರುವುದು ಅಪರೂಪ. ಆದರೆ ನೋವಿಗೆ ನಡಿಗೆ ಕಲಿಸುವ ವಿದ್ಯೆಯಲ್ಲಿ ಆ ನೆಲ ಬಹಳ ಹಿಂದೆಯೇ ಪಳಗಿದೆ. ಇಂದಿನ ಚಿಂತನಕ್ಕೆ ಅಲ್ಲಿಂದಲೇ ಒಂದೆರಡು ಸಂಗತಿ ಆರಿಸಿಕೊಳ್ಳೋಣ.

ಅರಬ್ಬರ ಹಾಡು ಹುಟ್ಟಿದ್ದು ಹೇಗೆಂದು ಹೇಳುವ ಹಳೆಯ ಕಥೆಯೊಂದಿದೆ. ಹತ್ತನೆಯ ಶತಮಾನದ ಇತಿಹಾಸಕಾರ ಅಲ್-ಮಸೂದಿ ಅದನ್ನು ದಾಖಲಿಸಿದ್ದಾನೆ. ಅರಬ್ ಕುಲಗಳ ಪೂರ್ವಜರಲ್ಲೊಬ್ಬನಾದ ಮುದರ್ ಎಂಬವನು ಪ್ರಯಾಣದ ನಡುವೆ ಒಂಟೆಯಿಂದ ಬಿದ್ದು ಕೈ ಮುರಿದುಕೊಂಡ. ಅಯ್ಯೋ ನನ್ನ ಕೈಯೇ ಎಂದು ಮತ್ತೆ ಮತ್ತೆ ಒರಲಿದ. ಅವನ ಕಂಠ ಇಂಪಾಗಿತ್ತು. ಆ ಒರಲು ಒಂದು ಲಯಕ್ಕೆ ಬಿದ್ದಾಗ ಒಂಟೆಗಳು ಕಿವಿ ನಿಮಿರಿಸಿ ಚುರುಕಾಗಿ ಹೆಜ್ಜೆ ಹಾಕಿದವು. ಅದನ್ನು ಕಂಡವರು ಒಂಟೆ ನಡೆಸಲು ಹಾಗೆಯೇ ಹಾಡತೊಡಗಿದರು. ಹಿದಾ ಎಂಬ ಒಂಟೆಗಾರರ ಹಾಡು ಹುಟ್ಟಿದ್ದು ಹೀಗಂತೆ. ಒಂಟೆಯ ಹಿಂಡನ್ನು ಕರೆಯುವ, ನಡೆಸುವ, ಸಮಾಧಾನಪಡಿಸುವ ಆ ಪರಂಪರೆ ಇಂದಿಗೂ ಉಳಿದುಕೊಂಡಿದೆ. ಸೌದಿ ಅರೇಬಿಯಾ, ಒಮಾನ್ ಮತ್ತು ಯುಎಇ ಮೂರೂ ಸೇರಿ ಮುಂದಿಟ್ಟ ಅದನ್ನು ಯುನೆಸ್ಕೋ 2022ರಲ್ಲಿ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಥೆ ನಡೆದದ್ದೋ ಕಟ್ಟಿದ್ದೋ, ಅದರೊಳಗಿನ ತಿಳಿವಳಿಕೆ ಮಾತ್ರ ಗಟ್ಟಿ. ಮುದರನ ಕೈ ಹಾಡಿನಿಂದ ಕೂಡಿಕೊಳ್ಳಲಿಲ್ಲ. ನೋವು ಅಲ್ಲೇ ಇತ್ತು. ಆದರೆ ನಿಂತಲ್ಲೇ ನಿಂತಿದ್ದ ಪ್ರಯಾಣ ಮುಂದೆ ಸಾಗಿತು. ನೋವು ಹೋಗದಿದ್ದರೂ ದಾರಿ ಸಾಗಬಹುದು ಎಂಬ ಇಷ್ಟನ್ನು ಒಪ್ಪಿಕೊಂಡರೆ, ಚಿಂತೆಯ ಜೊತೆಗಿನ ನಮ್ಮ ಜಗಳ ಅರ್ಧ ಮುಗಿದಂತೆ.

ಇನ್ನೊಂದು ಪ್ರಸಂಗ ಮಕ್ಕಾದ್ದು, ಹೊಟ್ಟೆಪಾಡಿಗೆ ಪರದೇಶಕ್ಕೆ ಹೋದ ಎಲ್ಲರ ಮನಸ್ಸಿಗೂ ನಾಟುವಂಥದ್ದು. ಹತ್ತನೆಯ ಶತಮಾನದಲ್ಲೇ ಅಬುಲ್ ಫರಜ್ ಅಲ್-ಇಸ್ಫಹಾನಿ ‘ಕಿತಾಬ್ ಅಲ್-ಅಘಾನಿ’ ಎಂಬ ಹಾಡುಗಳ ಮಹಾಗ್ರಂಥವನ್ನು ಬರೆದ. ಮಕ್ಕಾ ಮತ್ತು ಮದೀನಾದ ಹಳೆಯ ಹಾಡುಗಾರರ ಬಗ್ಗೆ ಇಂದು ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಅದರಿಂದಲೇ ಬಂದದ್ದು. ಅದು ಹೇಳುವಂತೆ, ಏಳನೆಯ ಶತಮಾನದ ಕೊನೆಯ ಭಾಗದಲ್ಲಿ ಕಾಬಾದ ಮರುನಿರ್ಮಾಣ ನಡೆದಾಗ ಪರ್ಷಿಯಾದಿಂದ ಬಂದ ಕೆಲಸಗಾರರು ಗೋಡೆ ಕಟ್ಟುತ್ತ ತಮ್ಮ ಭಾಷೆಯಲ್ಲಿ ಹಾಡಿಕೊಳ್ಳುತ್ತಿದ್ದರಂತೆ. ಮಕ್ಕಾದ ಗಾಯಕ ಇಬ್ನ್ ಮಿಸ್ಜಾಹ್ ನಿಂತು ಕೇಳಿದ. ಆ ಮಟ್ಟುಗಳನ್ನು ಅರಬ್ಬಿ ಪದ್ಯಕ್ಕೆ ಕೂರಿಸಿದ. ಮುಂದೆ ಸಿರಿಯಾ, ಪರ್ಷಿಯಾ ಸುತ್ತಿ ಇನ್ನಷ್ಟು ಕಲಿತು ಬಂದ. ಮಕ್ಕಾ, ಮದೀನಾ ಇರುವ ಹಿಜಾಝ್ ಸೀಮೆಯ ಗಾಯನಕ್ಕೆ ಅಡಿಪಾಯ ಹಾಕಿದವರಲ್ಲಿ ಅವನೂ ಒಬ್ಬ ಎನ್ನುತ್ತಾರೆ.

ಆ ಕೆಲಸಗಾರರ ಹೆಸರು ಯಾರಿಗೂ ಗೊತ್ತಿಲ್ಲ. ಊರಿನಲ್ಲಿ ಯಾರನ್ನು ಬಿಟ್ಟು ಬಂದಿದ್ದರೋ, ಕೂಲಿ ಸರಿಯಾಗಿ ಸಿಕ್ಕಿತೋ ಇಲ್ಲವೋ, ಯಾವುದೂ ಗೊತ್ತಿಲ್ಲ. ಅವರೇನೂ ಕಛೇರಿ ಕೊಡಲು ಹೋದವರಲ್ಲ. ಕಲ್ಲಿನ ಭಾರ ಹಗುರಾಗಲೆಂದು, ಮನಸ್ಸಿನ ಭಾರ ಇಳಿಯಲೆಂದು ಹಾಡಿಕೊಂಡರು. ಅವರ ಚಿಂತೆಗಳು ಅವರೊಂದಿಗೇ ಮಣ್ಣಾದವು. ಮಟ್ಟುಗಳು ಒಂದು ನಾಡಿನ ಸಂಗೀತದೊಳಗೆ ಸೇರಿಹೋದವು. ನಮ್ಮಲ್ಲೂ ಹೀಗೆಯೇ ಅಲ್ಲವೇ? ಬೀಸುವ ಪದ, ನಾಟಿ ಪದ, ತುಳುನಾಡಿನ ಓಬೇಲೆ ಇವೆಲ್ಲ ಹುಟ್ಟಿದ್ದು ಬಿಡುವಿನ ಹೊತ್ತಿನಲ್ಲಲ್ಲ. ಬೆನ್ನು ಬಗ್ಗಿದಾಗ, ಕೈ ಸೋತಾಗ, ಎದೆಯಲ್ಲಿ ಹೇಳಿಕೊಳ್ಳಲಾಗದ ಮಾತೊಂದು ಇದ್ದಾಗ ಹುಟ್ಟಿದ ಹಾಡುಗಳು ಅವು.

ಇನ್ನು ಕಡಲ ಕಡೆಗೆ ಬರೋಣ. ಇಂದು ಕರಾವಳಿ ಕನ್ನಡಿಗರು, ತುಳುವರು, ಬ್ಯಾರಿಗಳು ಬಹಳ ಮಂದಿ ಕೆಲಸ ಮಾಡುವ ಜುಬೈಲ್, ಕಾರ್ಖಾನೆಗಳ ಊರಾಗುವ ಮೊದಲು ಮೀನುಗಾರರ, ಮುತ್ತು ತೆಗೆಯುವವರ ಸಣ್ಣ ಊರಾಗಿತ್ತು. ಎಣ್ಣೆ ಹುಡುಕಲು ಬಂದ ಅಮೆರಿಕದ ಭೂವಿಜ್ಞಾನಿಗಳು 1933ರ ಸೆಪ್ಟೆಂಬರಿನಲ್ಲಿ ದೋಣಿಯಿಂದ ಇಳಿದದ್ದು ಈ ಜುಬೈಲ್ ದಡದಲ್ಲೇ. ನಾಲ್ಕೂವರೆ ವರ್ಷದ ನಂತರ, 1938ರ ಮಾರ್ಚಿನಲ್ಲಿ, ದಮ್ಮಾಮಿನ ಏಳನೇ ನಂಬರಿನ ಬಾವಿಯಲ್ಲಿ ಎಣ್ಣೆ ಉಕ್ಕಿತು. ಅದಕ್ಕೂ ಮೊದಲು ಆ ತೀರದ ಅನ್ನ ಮುತ್ತಿನಲ್ಲಿತ್ತು, ಸಾಲವೂ ಮುತ್ತಿನಲ್ಲೇ ಇತ್ತು.

ಬೇಸಿಗೆಯ ನಾಲ್ಕು ತಿಂಗಳು ಹಡಗುಗಳು ಸಮುದ್ರದಲ್ಲಿರುತ್ತಿದ್ದವು. ಹೊರಡುವ ಮುನ್ನ ಹಡಗಿನ ನಾಯಕನಾದ ನಾಖುದಾ ಮುಂಗಡ ಕೊಡುತ್ತಿದ್ದ. ಭಟ್ಕಳ, ಹೊನ್ನಾವರದ ಕಡೆಯವರಿಗೆ ನಾಖುದಾ ಯಾರೆಂದು ಹೇಳಬೇಕಾಗಿಲ್ಲ. ಆ ದುಡ್ಡು ಮನೆಯವರ ಊಟಕ್ಕೆ. ಋತು ಮುಗಿದು ಮುತ್ತು ಮಾರಿದ ಮೇಲೆ ಮುಂಗಡ ಕಳೆದು ಉಳಿದದ್ದು ಮುಳುಗುಗಾರನಿಗೆ. ಬಹಳ ಸಲ ಉಳಿಯುತ್ತಿದ್ದುದು ಬಾಕಿಯೇ. ಅದು ಮುಂದಿನ ವರ್ಷದ ಲೆಕ್ಕಕ್ಕೆ ಏರುತ್ತಿತ್ತು. ಮೂಗಿಗೆ ಕ್ಲಿಪ್ಪು ಹಾಕಿ, ಕಾಲಿಗೆ ಕಲ್ಲಿನ ಭಾರ ಕಟ್ಟಿ, ಒಂದೆರಡು ನಿಮಿಷ ಉಸಿರು ಬಿಗಿಹಿಡಿದು ತಳಕ್ಕೆ ಇಳಿಯುವುದು, ಚಿಪ್ಪು ಬಾಚಿ ಬುಟ್ಟಿಗೆ ತುಂಬುವುದು, ಹಗ್ಗ ಜಗ್ಗಿದರೆ ಮೇಲಿನವನು ಎಳೆದುಕೊಳ್ಳುವುದು. ಬೆಳಗಿನಿಂದ ಸೂರ್ಯ ಮುಳುಗುವವರೆಗೆ ಇದೇ ಕೆಲಸ. ಹೊಟ್ಟೆಗೆ ನಾಲ್ಕು ಖರ್ಜೂರ, ಒಂದಿಷ್ಟು ಕಾಫಿ, ಊಟವೇನಿದ್ದರೂ ರಾತ್ರಿ.

ಅಂಥ ಹಡಗಿನಲ್ಲಿ ಹಾಡುವುದಕ್ಕೆಂದೇ ಒಬ್ಬನಿರುತ್ತಿದ್ದ. ಅವನಿಗೆ ನಹ್ಹಾಮ್ ಎಂದು ಹೆಸರು. ಹಾಯಿ ಏರಿಸಲು ಒಂದು ಹಾಡು, ಹುಟ್ಟು ಹಾಕಲು ಒಂದು, ಲಂಗರು ಎತ್ತಲು ಇನ್ನೊಂದು. ಒಳ್ಳೆಯ ನಹ್ಹಾಮ್ ಇರುವ ಹಡಗಿಗೆ ಜನ ಬೇಗ ಸಿಗುತ್ತಿದ್ದರು. ಪೈಸೆ ಪೈಸೆಗೂ ಲೆಕ್ಕವಿದ್ದ ವ್ಯವಹಾರದಲ್ಲಿ ಹಾಡಿಗೆ ಜಾಗ, ಅನ್ನ, ಗಳಿಕೆಯಲ್ಲಿ ಪಾಲು ಎಲ್ಲ ಇಟ್ಟಿದ್ದರೆಂದರೆ ಹಾಡು ಅವರಿಗೆ ಶೋಕಿಯಾಗಿರಲಿಲ್ಲ. ಹಗ್ಗ, ಹಾಯಿ, ಕುಡಿಯುವ ನೀರು, ಹಾಡು ಇವು ನಾಲ್ಕೂ ಒಂದೇ ಸಾಲಿನ ಅಗತ್ಯಗಳು.

ದಡಕ್ಕೆ ಬಂದ ಮೇಲೂ ಅವರು ಒಂದೆಡೆ ಸೇರಿ ಹಾಡುತ್ತಿದ್ದರು. ಆ ಹಾಡುಗಾರಿಕೆಗೆ ಫಿಜಿರಿ ಎಂದು ಹೆಸರು. ಬಹ್ರೈನ್‌ನಲ್ಲೂ ಸೌದಿಯ ಪೂರ್ವ ಕರಾವಳಿಯಲ್ಲೂ ಅದು ಬೆಳೆಯಿತು. ಬಹ್ರೈನಿನ ಫಿಜಿರಿಯನ್ನು ಯುನೆಸ್ಕೋ 2021ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಅದರಲ್ಲಿ ಎರಡು ಸಂಗತಿ ನಮ್ಮ ಕಿವಿಗೆ ಕೂಡಲೇ ಪರಿಚಯವಾಗುತ್ತವೆ. ಒಂದು, ಜಹ್ಲಾ ಎಂಬ ಮಣ್ಣಿನ ಕೊಡ. ನೀರು ತುಂಬುವ ಅದೇ ಕೊಡವನ್ನು ಅಂಗೈಯಿಂದ ಬಡಿದು ನುಡಿಸುತ್ತಾರೆ; ನಮ್ಮ ಘಟದ ದಾಯಾದಿ ಎನ್ನಬಹುದು. ಇನ್ನೊಂದು, ನಹ್ಹಾಮ್ ಏರುಕಂಠದಲ್ಲಿ ಹಾಡುವಾಗ ಉಳಿದವರೆಲ್ಲ ಹೊಟ್ಟೆಯ ಆಳದಿಂದ ತೆಗೆಯುವ ಗುಂಯ್‌ಗುಡುವ ಮಂದ್ರ. ತಂಬೂರಿ ಇಲ್ಲದ ಕಡೆ ಮನುಷ್ಯರೇ ತಂಬೂರಿಯಾಗುತ್ತಾರೆ. ಹಾಡಿನ ತುಂಬ ಅಳಲಿದೆ, ಕಡಲಿನ ಭಯವಿದೆ, ಅಗಲಿಕೆ ಇದೆ. ಚಿಂತೆಯನ್ನು ಮರೆಯಲೆಂದು ಅವರು ಹಾಡಲಿಲ್ಲ. ಚಿಂತೆಯನ್ನೇ ಹಾಡಿದರು, ಒಬ್ಬನ ಎದೆಯಲ್ಲಿ ಇದ್ದದ್ದನ್ನು ಇಡೀ ಗುಂಪು ಶ್ರುತಿಯಾಗಿ ಎತ್ತಿ ಹಿಡಿಯಿತು.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಹಾಡಿನಲ್ಲಿ ಅಂಥದ್ದೇನಿದೆ?

ಚಿಂತೆಯೂ ಹಾಡೂ ಎರಡೂ ಸುತ್ತುವಂಥವು. ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡಾಗ ಗಮನಿಸಿ ನೋಡಿ: ಹೊಸ ಚಿಂತೆ ಬರುವುದು ಕಡಿಮೆ, ಅದೇ ನಾಲ್ಕು ಮಾತು ತಿರುಗಿ ತಿರುಗಿ ಬರುತ್ತವೆ. ಹೀಗಾದರೆ, ಹಾಗಾದರೆ, ಅವರು ಹೀಗಂದರೆ, ನಾನು ಹಾಗನ್ನದಿದ್ದರೆ. ಹಾಡಿನಲ್ಲೂ ಪಲ್ಲವಿ ತಿರುಗಿ ತಿರುಗಿ ಬರುತ್ತದೆ. ವ್ಯತ್ಯಾಸ ಇರುವುದು ಒಂದೇ ಕಡೆ. ಹಾಡಿಗೆ ಸಮ ಉಂಟು. ಆದಿತಾಳದ 8 ಅಕ್ಷರ ಇರಲಿ, ತೀನ್‌ತಾಲದ 16 ಮಾತ್ರೆ ಇರಲಿ, ಎಷ್ಟೇ ಅಲೆದಾಡಿದರೂ ಬಂದು ಮುಟ್ಟಲೇಬೇಕಾದ ಒಂದು ಜಾಗವಿದೆ. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರ ಗಾಯನ ಕೇಳಿದವರಿಗೆ ಇದು ಗೊತ್ತು. ಸ್ವರಗಳ ಜಾಡು ಎಲ್ಲೆಲ್ಲೋ ಹೊರಳಿ, ಇನ್ನೇನು ದಾರಿ ತಪ್ಪಿತು ಎನ್ನುವಷ್ಟರಲ್ಲಿ ಸಮಕ್ಕೆ ಬಂದು ನಿಂತಾಗ ಸಭೆಯ ತಲೆಗಳೆಲ್ಲ ಒಟ್ಟಿಗೆ ಆಡುತ್ತಿದ್ದವು. ಅರಬ್ಬರ ಸಂಗೀತದಲ್ಲೂ ಈಕಾ ಎಂಬ ತಾಳದ ಆವರ್ತಗಳಿವೆ. ದುಂ, ತಕ್ ಎಂದು ಎಣಿಸುತ್ತ ಮೊದಲ ಪೆಟ್ಟಿಗೆ ಮರಳುತ್ತಾರೆ. ಚಿಂತೆಗೆ ಮಾತ್ರ ಸಮವೇ ಇಲ್ಲ. ಅದು ಸುತ್ತುತ್ತದೆ, ಮುಟ್ಟುವುದಿಲ್ಲ. ನಮ್ಮನ್ನು ದಣಿಸುವುದು ಚಿಂತೆಯ ಭಾರಕ್ಕಿಂತ ಈ ಮುಟ್ಟದಿರುವಿಕೆ.

ಸಂಗೀತದೊಳಗೆ ಕುಳಿತ ಮನಸ್ಸು ಪದೇ ಪದೇ ಮುಟ್ಟುವ ಅನುಭವ ಪಡೆಯುತ್ತದೆ. ಹೊರಟೆ, ಸುತ್ತಿದೆ, ಬಂದೆ. ಮತ್ತೆ ಹೊರಟೆ, ಸುತ್ತಿದೆ, ಬಂದೆ. ಸ್ವಲ್ಪ ಹೊತ್ತು ಹೀಗಾದರೆ ದೇಹ ಅದನ್ನು ನಂಬುತ್ತದೆ. ಉಸಿರು ತಾನಾಗಿ ಉದ್ದವಾಗುತ್ತದೆ, ಏಕೆಂದರೆ ಸಾಲು ಮುಗಿಯುವವರೆಗೆ ಉಸಿರನ್ನು ನಿಧಾನವಾಗಿ ಬಿಡದೆ ಹಾಡಲಾಗದು. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಒಟ್ಟಿಗೆ ಹಾಡುವವರ ಹೃದಯಬಡಿತ ಒಂದೇ ಲಯದಲ್ಲಿ ಏರಿ ಇಳಿಯುವುದು ಕಂಡುಬಂತು. ಮುತ್ತಿನ ಹಡಗಿನವರಿಗೆ ಯಂತ್ರದ ಸಾಕ್ಷಿ ಬೇಕಿರಲಿಲ್ಲ. ಒಬ್ಬರ ಪಕ್ಕ ಒಬ್ಬರು ಕುಳಿತು ಹುಟ್ಟು ಹಾಕಿದವರು ಅವರು.

ಜುಬೈಲ್‌ನ ಕೋಣೆಯೊಂದರಲ್ಲಿ ನಾನು ಕಂಡದ್ದನ್ನು ಇಲ್ಲಿ ಹೇಳಬೇಕು. ನಾಲ್ಕು ಮಂಚ, ಒಂದು ಎ.ಸಿ., ಗೋಡೆಗೆ ಹೊಡೆದ ಮೊಳೆಗಳಲ್ಲಿ ಹೆಲ್ಮೆಟ್ಟು, ಡ್ಯೂಟಿ ಬಟ್ಟೆ. ಗುರುವಾರ ರಾತ್ರಿ, ಮರುದಿನ ಶುಕ್ರವಾರದ ರಜೆ. ಸ್ಕ್ಯಾಫೋಲ್ಡಿಂಗ್ ಕೆಲಸದ ಒಬ್ಬ ಹಿರಿಯರು ಹಾವೇರಿ ಕಡೆಯವರು, ಕೋಣೆಯವರಿಗೆಲ್ಲ ಕಾಕಾ. ಊರಲ್ಲಿದ್ದಾಗ ಭಜನಾ ಮೇಳದಲ್ಲಿ ಹಾಡುತ್ತಿದ್ದವರು. ಪುತ್ತೂರಿನ ಹುಡುಗನೊಬ್ಬ ಹೊಸದಾಗಿ ಬಂದಿದ್ದ. ಅಕ್ಕನ ಮದುವೆಯ ಸಾಲ, ವೀಸಾಕ್ಕೆ ಕೊಟ್ಟ ದುಡ್ಡಿನ ಸಾಲ ಎರಡೂ ಅವನ ತಲೆಯ ಮೇಲೆ. ಮಂಚದ ಮೂಲೆಯಲ್ಲಿ ಫೋನು ಹಿಡಿದು ಕುಳಿತವನು ಅದನ್ನು ನೋಡುತ್ತಲೂ ಇರಲಿಲ್ಲ, ಕೆಳಗೆ ಇಡುತ್ತಲೂ ಇರಲಿಲ್ಲ.

ಕಾಕಾ ಕುಡಿಯುವ ನೀರಿನ ದೊಡ್ಡ ಪ್ಲಾಸ್ಟಿಕ್ ಕ್ಯಾನನ್ನು ಕಾಲಿನಿಂದ ಅವನ ಕಡೆ ಉರುಳಿಸಿದರು. “ತಮ್ಮಾ, ಬಾ ಇಲ್ಲಿ. ಇದನ್ನ ಬಾರ್ಸು.”

“ನನಗೆ ಬಾರಿಸ್ಲಿಕ್ಕೆ ಬರುದಿಲ್ಲ ಕಾಕಾ. ತಲೆಯೇ ಸರಿ ಇಲ್ಲ ಇವತ್ತು.”

“ತಲಿ ತಗೊಂಡ ಏನ್ ಮಾಡ್ತಿ? ಕೈ ಅದಾವಲ್ಲ? ಮೊದ್ಲ ತಾಳ ಹಿಡಿ. ಸಾಲ ಎಲ್ಲೂ ಓಡಿ ಹೋಗಂಗಿಲ್ಲ.”

ಕ್ಯಾನಿನ ತಳದಲ್ಲಿ ಒಂದಿಷ್ಟು ನೀರು ಉಳಿದಿತ್ತು. ಅದನ್ನು ಚೆಲ್ಲಲು ಹೋದವನನ್ನು ಕಾಕಾ ತಡೆದರು. ನೀರಿದ್ದರೆ ದನಿ ದಪ್ಪ ಬರುತ್ತದೆಂದು ಹೇಳಿ, ಅಂಗೈಯ ಹಿಂಬದಿಯಿಂದ ಕ್ಯಾನಿನ ಹೊಟ್ಟೆಯ ಮೇಲೆ ಒಂದು ಪೆಟ್ಟು, ಬೆರಳ ತುದಿಯಿಂದ ಕುತ್ತಿಗೆಯ ಹತ್ತಿರ ಎರಡು ಪೆಟ್ಟು ತೋರಿಸಿಕೊಟ್ಟರು. ಆಮೇಲೆ ಶರೀಫರ ತತ್ವಪದವೊಂದನ್ನು ತಗ್ಗಿದ ದನಿಯಲ್ಲಿ ಎತ್ತಿಕೊಂಡರು. ಪಕ್ಕದ ಕೋಣೆಯಲ್ಲಿ ಬೆಳಗಿನ ಪಾಳಿಯವರು ಮಲಗಿದ್ದರು. 1819ರಲ್ಲಿ ಶಿಶುವಿನಹಾಳದಲ್ಲಿ ಮುಸ್ಲಿಂ ಮನೆಯಲ್ಲಿ ಹುಟ್ಟಿ, ಬ್ರಾಹ್ಮಣ ಗುರು ಗೋವಿಂದಭಟ್ಟರ ಶಿಷ್ಯರಾಗಿ ಬಾಳಿದ ಶರೀಫರ ಪದ ಆ ಕೋಣೆಗೆ ಹೇಳಿಮಾಡಿಸಿದಂತಿತ್ತು. ಇದ್ದ ನಾಲ್ವರಲ್ಲಿ ಇಬ್ಬರು ನಮಾಜು ಮಾಡುವವರು, ಇಬ್ಬರು ವಿಭೂತಿ ಕುಂಕುಮದವರು. ಪಲ್ಲವಿಗೆ ನಾಲ್ವರೂ ಕೂಡಿಕೊಂಡರು.

ಹುಡುಗ ತಪ್ಪಿದ. ಮತ್ತೆ ಹಿಡಿದ, ಮತ್ತೆ ತಪ್ಪಿದ. ಕಾಕಾ ಹಾಡು ನಿಲ್ಲಿಸಲಿಲ್ಲ. ಅವನು ತಪ್ಪಿದಲ್ಲಿ ತಾವೇ ನಡೆ ನಿಧಾನ ಮಾಡಿ ಕಾದು, ತೊಡೆ ತಟ್ಟಿ ಸಮ ತೋರಿಸಿ ಮುಂದಕ್ಕೆ ಕರೆದೊಯ್ದರು. ಒಂದು ಹಂತದಲ್ಲಿ ಅವನ ಕೈ ತಾನೇ ನಡೆಯತೊಡಗಿತು. ಬಿಗಿದುಕೊಂಡಿದ್ದ ಭುಜ ಇಳಿಯಿತು. ಪಕ್ಕಕ್ಕಿಟ್ಟ ಫೋನು ಬೆಳಗಿ ಆರಿತು. ಅವನ ಕಣ್ಣು ಆ ಕಡೆ ಹೋಗಲಿಲ್ಲ.

ಹಾಡು ಮುಗಿದ ಮೇಲೆ ನಡೆದದ್ದು ನನಗೆ ಇನ್ನೂ ಮುಖ್ಯವೆನಿಸುತ್ತದೆ. ಕಾಕಾ ಎಲ್ಲರಿಗೂ ಸುಲೈಮಾನಿ ಚಹಾ ಬಗ್ಗಿಸಿದರು. ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ ಹರಿದು, ಪೆನ್ನು ತೆಗೆದು, “ಈಗ ಹೇಳು. ಸಾಲ ಎಷ್ಟು, ಯಾರ್ದು, ಬಡ್ಡಿ ಎಷ್ಟು?” ಎಂದರು. ಹುಡುಗ ಹೇಳುತ್ತ ಹೋದ, ಅವರು ಬರೆಯುತ್ತ ಹೋದರು. ಒಂದು ತಿಂಗಳಿಂದ ಆಕಾಶ ತುಂಬಿಕೊಂಡಿದ್ದ ಸಾಲ ಆ ರಟ್ಟಿನ ಮೇಲೆ ಐದು ಸಾಲಾಯಿತು. ಅದರಲ್ಲಿ ಅವಸರದ್ದು ಒಂದೇ. ಅದಕ್ಕೆ ಏನು ಮಾಡಬಹುದೆಂದು ನಾಲ್ವರೂ ತಲೆಗೆ ತಲೆ ಕೊಟ್ಟು ಕುಳಿತರು. ಸಾಲ ತೀರಲಿಲ್ಲ, ನಿಜ. ಆದರೆ ಹಾಡಿಗೆ ಮೊದಲು ಇದೇ ಪ್ರಶ್ನೆ ಕೇಳಿದ್ದರೆ ಆ ಹುಡುಗ ಉತ್ತರ ಕೊಡುತ್ತಿರಲಿಲ್ಲ, ಬಹುಶಃ ಅತ್ತುಬಿಡುತ್ತಿದ್ದ.

ಸಂಗೀತವನ್ನು ಕೇಳಿದರೆ ಸಾಲದೇ, ನುಡಿಸಲೇಬೇಕೇ ಎಂದು ಕೆಲವರು ಕೇಳಬಹುದು. ಕೇಳುವುದೂ ದೊಡ್ಡದೇ. ಆದರೆ ಕೇಳುತ್ತಿರುವಾಗ ಚಿಂತೆಗೆ ಪಕ್ಕದಲ್ಲಿ ಕೂರಲು ಜಾಗ ಸಿಗುತ್ತದೆ, ನುಡಿಸುವಾಗ ಸಿಗುವುದಿಲ್ಲ. ಅರಬ್ಬರ ಊದ್ ವಾದ್ಯವನ್ನೇ ನೋಡಿ. ಹೊಟ್ಟೆ ಉಬ್ಬಿದ, ಕುತ್ತಿಗೆ ಗಿಡ್ಡಾದ ತಂತಿವಾದ್ಯ. ಸಾಮಾನ್ಯವಾಗಿ 11 ತಂತಿ. ವೀಣೆಗಿರುವಂತೆ ಅದಕ್ಕೆ ಮೆಟ್ಟಿಲುಗಳಿಲ್ಲ. ಸ್ವರ ಎಲ್ಲಿದೆಯೆಂದು ಬೆರಳೇ ಹುಡುಕಬೇಕು, ಕಿವಿಯೇ ಒಪ್ಪಬೇಕು. ಕೂದಲೆಳೆಯಷ್ಟು ಜರುಗಿದರೂ ಅಪಸ್ವರ. ಇಷ್ಟು ಕೆಲಸ ಹಚ್ಚಿಕೊಂಡ ಮನಸ್ಸಿಗೆ ನಾಳಿನ ಕಂತಿನ ನೆನಪು ತರಲು ಪುರಸೊತ್ತೆಲ್ಲಿ?

ಊದಿನ ಬಗ್ಗೆ ಹೇಳುವಾಗ ಕನ್ನಡಿಗರಿಗೆ ಖುಷಿಯಾಗುವ ಸಂಗತಿಯೊಂದಿದೆ. ಅರಬ್ಬರ ರಾಗಪದ್ಧತಿಗೆ ಮಕಾಮ್ ಎನ್ನುತ್ತಾರೆ. ಅದರಲ್ಲಿ ಹಿಜಾಝ್ ಕಾರ್ ಎಂಬುದೊಂದಿದೆ. ಅದರ ಸ್ವರಗಳು ಹೆಚ್ಚುಕಡಿಮೆ ನಮ್ಮ ಮಾಯಾಮಾಳವಗೌಳದ ಸ್ವರಗಳೇ. ಪುರಂದರದಾಸರು ಹಾಕಿಕೊಟ್ಟರೆಂದು ನಾವು ನಂಬುವ ಸರಳೆವರಸೆಯ ರಾಗ, ಸಂಗೀತ ಕಲಿಯುವ ಪ್ರತಿ ಮಗುವೂ ಮೊದಲು ಬಾಯಿಬಿಡುವ ರಾಗ. ಹಿಂದೂಸ್ತಾನಿಯಲ್ಲಿ ಇವೇ ಸ್ವರಗಳು ಭೈರವ್ ಆಗಿ ಮುಂಜಾವಿನ ರಾಗವೆನಿಸಿವೆ. ಮಕ್ಕಾ, ಮದೀನಾ, ಜಿದ್ದಾ, ತಾಯಿಫ್ ಇರುವ ಸೀಮೆಯ ಹೆಸರು ಹೊತ್ತ ಸ್ವರಗುಚ್ಛವೂ ವಿಜಯನಗರದ ಕಾಲದ ದಾಸರ ಪಾಠವೂ ಒಂದೇ ಮೆಟ್ಟಿಲು ಹತ್ತಿ ಇಳಿಯುತ್ತವೆ. ಊರು ದೂರವಾಯಿತೆಂದು ಕೊರಗುವವರು ಒಮ್ಮೆ ಸ ರಿ ಗ ಮ ಹಾಡಿ ನೋಡಬೇಕು. ಪಕ್ಕದ ಮನೆಯ ಅರಬ್ಬಿ ಮುದುಕನಿಗೆ ಅದು ಅಪರಿಚಿತವೆನಿಸಲಾರದು.

ಆದರೆ ಹಾಡಲು ಜಾಗ ಬೇಡವೇ, ಅವಕಾಶ ಬೇಡವೇ? ಸೌದಿಯ ಇತಿಹಾಸವೇ ಇದಕ್ಕೆ ಉತ್ತರ. ಹಲವು ದಶಕ ಆ ದೇಶದಲ್ಲಿ ಸಾರ್ವಜನಿಕ ಸಂಗೀತ ಕಛೇರಿಗಳು ವಿರಳವಾಗಿದ್ದವು. ಧಾರ್ಮಿಕ ಬಿಗಿ ಹೆಚ್ಚಿದ ವರ್ಷಗಳಲ್ಲಿ ವೇದಿಕೆಗಳು ಮೌನವಾದವು. ಸಂಗೀತ ಸತ್ತಿತೇ? ಮದುವೆ ಮನೆಯ ಹೆಂಗಸರ ಕೂಟದಲ್ಲಿ, ಗೆಳೆಯರ ಮಜ್ಲಿಸಿನಲ್ಲಿ, ಕಾರಿನ ಕ್ಯಾಸೆಟ್ಟಿನಲ್ಲಿ ಅದು ಉಸಿರಾಡುತ್ತಿತ್ತು. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡು, ಹಡಗು ಕಟ್ಟುವ ಕಸುಬು ಕಲಿತು, ಕೊನೆಗೆ ಹಾಡಿನಲ್ಲಿ ನೆಲೆ ಕಂಡ ಮುಹಮ್ಮದ್ ಅಬ್ದು 2017ರ ಆರಂಭದಲ್ಲಿ ಜಿದ್ದಾದ ವೇದಿಕೆ ಹತ್ತಿದಾಗ ಸಭಾಂಗಣ ತುಂಬಿ ಜನ ಅವರೊಂದಿಗೆ ಸಾಲು ಸಾಲು ಹಾಡಿದರು. ಅಷ್ಟು ವರ್ಷ ಅವರೆಲ್ಲ ಮನೆಯಲ್ಲಿ ಹಾಡಿಕೊಂಡಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ? 2020ರಲ್ಲಿ ಅಲ್ಲಿನ ಸಂಸ್ಕೃತಿ ಇಲಾಖೆ ಸಂಗೀತಕ್ಕೆಂದೇ ಆಯೋಗವನ್ನು ರಚಿಸಿತು. ಕೆಂಪು ಸಮುದ್ರದ ಬೆಸ್ತರು, ನಾವಿಕರು ನುಡಿಸುವ ಸಿಮ್ಸಿಮಿಯ್ಯಾ ಎಂಬ ಪುಟ್ಟ ತಂತಿವಾದ್ಯ 2024ರಲ್ಲಿ ಈಜಿಪ್ಟ್ ಮತ್ತು ಸೌದಿ ಹೆಸರಿನಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ವೇದಿಕೆ ತಡವಾಗಿ ಬಂತು; ಹಾಡು ಅದಕ್ಕಾಗಿ ಕಾದು ಕುಳಿತಿರಲಿಲ್ಲ.

ನಾವೂ ಕಾಯಬೇಕಾಗಿಲ್ಲ. ‘ನಿವೃತ್ತಿಯಾದ ಮೇಲೆ ಹಾರ್ಮೋನಿಯಂ ಕಲಿಯುತ್ತೇನೆ’, ‘ಮಗಳ ಮದುವೆ ಮುಗಿಯಲಿ’, ‘ಇದೊಂದು ಸಾಲ ತೀರಲಿ’ ಎಂದು ಮುಂದೂಡುವವರು ನಮ್ಮ ನಡುವೆ ಬಹಳ. ಚಿಂತೆ ಮುಗಿದ ಮೇಲೆ ಸಂಗೀತ ಎಂಬ ಲೆಕ್ಕ ತಲೆಕೆಳಗಾದದ್ದು. ಮುತ್ತಿನ ಹಡಗು ನಹ್ಹಾಮನನ್ನು ಕರೆದೊಯ್ದದ್ದು ಕಡಲಿಗಿಳಿಯುವಾಗ, ಸಾಲ ತೀರಿಸಿ ಬಂದ ಮೇಲಲ್ಲ. ಕಂಠ ಚೆನ್ನಾಗಿಲ್ಲ ಎಂಬ ನೆಪವೂ ಬೇಡ. ಹಾಡ್ತಾ ಹಾಡ್ತಾ ರಾಗ ಎಂದು ಹಿರಿಯರು ಹೇಳಿದ್ದು ಇಂಥವರಿಗೇ. ಯಾರೂ ಕೇಳದಿದ್ದರೆ ಇನ್ನೂ ಒಳ್ಳೆಯದು. ಮೆಚ್ಚುಗೆಯ ಚಿಂತೆಯೊಂದು ಕಡಿಮೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಇಯರ್‌ಫೋನು ಸಿಕ್ಕಿಸಿಕೊಂಡು ಒಂದು ಹಾಡು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹಾರುವುದು ಸಂಗೀತದ ಸಂಗವಲ್ಲ. ಅದೂ ಚಿಂತೆಯ ಚಾಳಿಯೇ. ಯಾವುದನ್ನೂ ಮುಟ್ಟದೆ ಸುತ್ತುವುದು. ಕೇಳುವುದಾದರೆ ಒಂದನ್ನೇ ಕೊನೆಯವರೆಗೆ ಕೇಳಬೇಕು, ಕೈಯಲ್ಲಿ ತಾಳ ಹಾಕುತ್ತ ಕೇಳಬೇಕು. ಮನಸ್ಸು ಜಾರಿದರೆ ತಾಳ ತಪ್ಪುತ್ತದೆ, ತಪ್ಪಿದ್ದು ಕೂಡಲೇ ಗೊತ್ತಾಗುತ್ತದೆ. ಬೈದುಕೊಳ್ಳದೆ ಮುಂದಿನ ಸಮಕ್ಕೆ ಹಿಡಿದರಾಯಿತು. ಬದುಕಿನಲ್ಲಿ ತಪ್ಪಿದ ತಾಳವನ್ನೂ ನಾವು ಹೀಗೆಯೇ ಹಿಡಿಯಬೇಕಲ್ಲವೇ?

ಹಾಡಿನಿಂದ ಯಾರ ಸಾಲವೂ ತೀರುವುದಿಲ್ಲ, ಯಾರ ಇಕಾಮಾವೂ ನವೀಕರಣವಾಗುವುದಿಲ್ಲ. ಅಂಥ ಭರವಸೆ ಕೊಡುವವರನ್ನು ನಂಬಬೇಡಿ. ಹಾಡು ಮಾಡುವ ಉಪಕಾರ ಚಿಕ್ಕದು, ಖಚಿತವಾದದ್ದು. ಆಕಾರವಿಲ್ಲದೆ ಎದೆಯೊಳಗೆ ಅಲೆಯುತ್ತಿದ್ದ ಚಿಂತೆಯನ್ನು ಅದು ಒಂದಿಷ್ಟು ಹೊತ್ತು ಕೂರಿಸುತ್ತದೆ. ಕೂತ ಮೇಲೆ ಅದರ ಗಾತ್ರ ನಮಗೆ ಕಾಣುತ್ತದೆ. ಗಾತ್ರ ಕಂಡ ಚಿಂತೆಗೆ ಚಿಂತೆಯಾಗಿ ಉಳಿಯಲು ಬರುವುದಿಲ್ಲ. ಮಾಡಬೇಕಾದ ಫೋನಾಗಿ, ಬರೆಯಬೇಕಾದ ಅರ್ಜಿಯಾಗಿ, ಕೇಳಬೇಕಾದ ಕ್ಷಮೆಯಾಗಿ, ಬರೆಸಿಕೊಳ್ಳಬೇಕಾದ ಔಷಧಿಚೀಟಿಯಾಗಿ ಅದು ಮಾರ್ಪಡುತ್ತದೆ. ನಮ್ಮ ಕೈಗೆ ಮೀರಿದ ಪಾಲು ಎಷ್ಟೆಂಬುದೂ ಆಗಲೇ ಗೊತ್ತಾಗುತ್ತದೆ. ಅದನ್ನು ದೇವರಿಗೋ ಕಾಲಕ್ಕೋ ಬಿಡುವ ಧೈರ್ಯವೂ ಆಗಲೇ ಬರುತ್ತದೆ.

ಆದ್ದರಿಂದ ಇಂದು ಕೆಲಸಕ್ಕೆ ಹೊರಡುವ ಮುನ್ನ ಒಂದು ಪದ ಪೂರ್ತಿ ಹಾಡಿ. ಅಮ್ಮ ಕಲಿಸಿದ್ದಾಗಲಿ, ಸಿನಿಮಾದ್ದಾಗಲಿ, ಮಸೀದಿ ಮದರಸದಲ್ಲಿ ಕಲಿತ ಬೈತ್ ಆಗಲಿ, ಇಗರ್ಜಿಯ ಗೀತೆಯಾಗಲಿ. ಮೇಜನ್ನೋ ತೊಡೆಯನ್ನೋ ತಟ್ಟಿಕೊಂಡು, ಪಲ್ಲವಿಯಿಂದ ಕೊನೆಯ ಚರಣದವರೆಗೆ, ಅರ್ಧಕ್ಕೆ ಬಿಡದೆ. ಆಮೇಲೆ ಪೆನ್ನು ತೆಗೆದು ಇವತ್ತು ಮಾಡಬೇಕಾದ ಮೊದಲ ಕೆಲಸ ಯಾವುದೆಂದು ಬರೆಯಿರಿ.